ಎರಡು ಮೂತ್ರದ ಮಾತ್ರೆ ಏಕೆ?
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಪಾಠ ಮಾಡುವವರಿಗೆ ಮಾತ್ರೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ಕುಟುಂಬದ ಹಿರಿಯರೊಬ್ಬರಿಗೆ ಹೃದಯದ ಶಕ್ತಿ ಕುಂದಿ ಕಾಲು ಊದಿಕೊಳ್ಳುತ್ತಿತ್ತು. ವೈದ್ಯರು ಎರಡು ಬಗೆಯ ಮೂತ್ರದ ಮಾತ್ರೆ ಬರೆದಿದ್ದರು. ರಂಝಾನ್ ಬಂದಾಗ ಅವರು, "ಎರಡೂ ಮೂತ್ರಕ್ಕೇ ಅಲ್ಲವೇ, ಒಂದು ಸಾಕು" ಎಂದು ಒಂದನ್ನು ಬಿಟ್ಟರು. ನಾವು ಯಾರೂ ತಡೆಯಲಿಲ್ಲ. ವಾರ ಕಳೆಯುವುದರೊಳಗೆ ಮಲಗಿದರೆ ಉಸಿರು ಕಟ್ಟತೊಡಗಿತು. ರಾತ್ರಿಯಿಡೀ ಕುಳಿತೇ ಇದ್ದರು. ಕೊನೆಗೆ ಆಸ್ಪತ್ರೆ ಸೇರಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಗುಣವಾಗಿ ಮರಳಿದರು. ಆದರೆ ನಮ್ಮ ಅಜ್ಞಾನಕ್ಕೆ ಅವರು ಬೆಲೆ ತೆತ್ತರು.

ಹೃದಯ ಸರಿಯಾಗಿ ರಕ್ತ ಪಂಪ್ ಮಾಡದಿದ್ದರೆ ಮೂತ್ರಪಿಂಡಗಳು ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದು ತಪ್ಪು ತಿಳಿದು ಉಪ್ಪನ್ನು ಹಿಡಿದಿಡುತ್ತವೆ. ಉಪ್ಪು ಇದ್ದಲ್ಲಿ ನೀರು ನಿಲ್ಲುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಹೊರಹೋಗುತ್ತದೆ, ಉಳಿದದ್ದು ಸಣ್ಣ ನಾಳಗಳ ಮೂಲಕ ಮರಳಿ ರಕ್ತಕ್ಕೆ ಸೇರುತ್ತದೆ. ಲ್ಯಾಸಿಕ್ಸ್ ಎಂಬ ಹೆಸರಿನಲ್ಲಿ ಸಿಗುವ ಫ್ಯೂರೋಸಮೈಡ್, ಹಾಗೆಯೇ ಟಾರ್ಸಮೈಡ್, ಈ ನಾಳದ ನಡುವಿನ ತಿರುವಿನಲ್ಲಿ ಉಪ್ಪು ಮರಳುವುದನ್ನು ತಡೆಯುತ್ತವೆ. ಬಹುಕಾಲ ಸೇವಿಸಿದಾಗ ನಾಳದ ಕೆಳಭಾಗ ದಪ್ಪಗಾಗಿ, ಮೇಲೆ ತಪ್ಪಿಸಿಕೊಂಡ ಉಪ್ಪನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ.

ನಮ್ಮ ಅಡಿಕೆ ತೋಟದ ಕಣಿಯನ್ನು ನೆನಪಿಸಿಕೊಳ್ಳಿ. ಮೇಲಿನ ಕಟ್ಟ ಬಿಡಿಸಿದರೂ ಕೆಳಗೆ ಕಸ ಕಟ್ಟಿದ್ದರೆ ನೀರು ತೋಟದಲ್ಲೇ ನಿಲ್ಲುತ್ತದೆ. ಆ ಕೆಳಗಿನ ತಡೆ ಬಿಡಿಸಲು ಹೈಡ್ರೋಕ್ಲೋರೋಥಯಾಜೈಡ್ ಅಥವಾ ಮೆಟೊಲಜೋನ್ ಎಂಬ ಎರಡನೆಯ ಮಾತ್ರೆ. ಇನ್ನೂ ಕೆಳಗೆ ಕೆಲಸ ಮಾಡುವುದು ಸ್ಪೈರೊನೊಲ್ಯಾಕ್ಟೋನ್. ತೀವ್ರ ಹೃದಯ ವೈಫಲ್ಯದವರಲ್ಲಿ ಇದು ಸಾವನ್ನು ಶೇ. 30ರಷ್ಟು ತಗ್ಗಿಸಿತೆಂದು 1999ರ ಅಧ್ಯಯನ ತೋರಿಸಿತು.

ಆದರೆ ಜೋಡಿ ಮಾತ್ರೆಗೆ ಅಪಾಯವೂ ಇದೆ. ಸ್ಪೇನ್ ದೇಶದಲ್ಲಿ 230 ರೋಗಿಗಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಫ್ಯೂರೋಸಮೈಡ್ ಮಾತ್ರ ಪಡೆದವರ ತೂಕ ಮೂರು ದಿನದಲ್ಲಿ ಸರಾಸರಿ 1.5 ಕಿಲೋ ಇಳಿದರೆ, ಹೈಡ್ರೋಕ್ಲೋರೋಥಯಾಜೈಡನ್ನೂ ಪಡೆದವರದು 2.3 ಕಿಲೋ ಇಳಿಯಿತು. ಆದರೆ ಇವರಲ್ಲೇ ಮೂತ್ರಪಿಂಡದ ಕೆಲಸ ಕುಂದಿದ್ದೂ ಹೆಚ್ಚು. ರಕ್ತದ ಸೋಡಿಯಂ, ಪೊಟ್ಯಾಶಿಯಂ ಕೂಡಾ ಇಳಿಯಬಹುದು. ಆದ್ದರಿಂದ ವೈದ್ಯರು ಹೇಳಿದ ರಕ್ತ ಪರೀಕ್ಷೆ ತಪ್ಪಿಸಬೇಡಿ. ನೆರೆಮನೆಯವರ ಮಾತ್ರೆಯನ್ನು ಎಂದೂ ನುಂಗಬೇಡಿ. ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಶಿಯಂ ಏರಿಸುತ್ತದೆ. ಅದನ್ನು ಸೇವಿಸುವವರು ದಿನವೂ ಬೊಂಡ ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು.

ಇದು ಮುದುಕರ ಕಾಯಿಲೆ ಮಾತ್ರವೂ ಅಲ್ಲ. ನೆರೆಯ ಕೇರಳದ ತಿರುವನಂತಪುರದಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ 1205 ಮಂದಿಯ ದಾಖಲೆ ಇಡಲಾಯಿತು. ಅವರ ಸರಾಸರಿ ವಯಸ್ಸು 61. ಮೂರು ವರ್ಷದೊಳಗೆ ಶೇ. 45ರಷ್ಟು ಮಂದಿ ತೀರಿಕೊಂಡರು.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಕೆಲಸವಿದೆ. ಮಾತ್ರೆಯ ಹಾಳೆಯ ಮೇಲಿನ ಹೆಸರನ್ನು ಮನೆಯ ಅಜ್ಜಿ ಓದಲಾರರು, ನೀವು ಓದಬಲ್ಲಿರಿ. ಕೆಲವರಿಗೆ ಎರಡನೆಯ ಮಾತ್ರೆ ವಾರದಲ್ಲಿ ಕೆಲವು ದಿನ ಮಾತ್ರ ಇರುತ್ತದೆ. ಚೀಟಿ ನೋಡಿ ದಿನ ಗುರುತಿಸಿ. ಬೆಳಿಗ್ಗೆ ಮೂತ್ರ ಮಾಡಿದ ನಂತರ, ತಿಂಡಿಗೆ ಮೊದಲು, ತೂಕ ನೋಡಿ ಪುಸ್ತಕದಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅಂದೇ ವೈದ್ಯರಿಗೆ ತಿಳಿಸಿ. ಕೋಡಿಂಬಾಳದಿಂದ ಪುತ್ತೂರಿಗೋ ಮಂಗಳೂರಿಗೋ ಮಧ್ಯರಾತ್ರಿ ಉಸಿರು ಕಟ್ಟಿಕೊಂಡು ಹೋಗುವುದಕ್ಕಿಂತ ಹಗಲಿನ ಒಂದು ಫೋನ್ ಲೇಸು. ಗಂಜಿಯ ಜೊತೆಗಿನ ಒಣಮೀನು, ಉಪ್ಪಿನಕಾಯಿ ಕಡಿಮೆ ಮಾಡಿಸಿ. ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಯೂ ನೀರನ್ನು ಹಿಡಿದಿಡುತ್ತದೆ. ವಾಂತಿ, ಭೇದಿಯಾದರೆ ಮೂತ್ರದ ಮಾತ್ರೆಯ ಬಗ್ಗೆ ತಕ್ಷಣ ಕೇಳಿ.

ಕೊನೆಯ ಮಾತು. ರೋಗಿಗಳು ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಲು ಪವಿತ್ರ ಕುರ್‌ಆನ್‌ನ ಸೂರಃ ಅಲ್‌ಬಖರದಲ್ಲೇ ಅನುಮತಿಯಿದೆ. ಆದುದರಿಂದ ರಂಝಾನ್‌ಗೆ ಮೊದಲೇ ವೈದ್ಯರನ್ನೂ ಉಸ್ತಾದರನ್ನೂ ಕೇಳೋಣ. ಮಾತ್ರೆ ಬಿಡುವ ತೀರ್ಮಾನ ನಮ್ಮದಾಗದಿರಲಿ. ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯ ಕರುಣಿಸಲಿ, ಆಮೀನ್.