ಕೋಡಿಂಗ್ ಬರಲ್ಲ ಅಂದ್ರೂ ಕೆಲಸ ಇದೆ

‘ಓಪನ್ ಸೋರ್ಸ್‌ಗೆ ಏನಾದ್ರೂ ಮಾಡ್ಬೇಕು, ಆದ್ರೆ ನಂಗೆ ಕೋಡಿಂಗ್ ಬರಲ್ಲ’ ಅಂತ ತುಂಬಾ ಜನ ಹೇಳ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ.

ನಾನು ಶುರು ಮಾಡಿದ್ದು ಫೈರ್‌ಫಾಕ್ಸ್ ಬ್ರೌಸರ್‌ನ ಕನ್ನಡ ಅನುವಾದದಿಂದ. ಅದಕ್ಕೆ ಮೊಜಿಲ್ಲಾದವರ ‘ಪೊಂಟೂನ್’ ಅನ್ನೋ ತಾಣ ಇದೆ. ಲಾಗಿನ್ ಆಗಿ ಕನ್ನಡ ಆರಿಸಿಕೊಂಡರೆ, ಅನುವಾದ ಆಗದೆ ಉಳಿದಿರೋ ಸಾಲುಗಳು ಕಾಣುತ್ತವೆ. ಹೊಸಬರು ಬರೆದದ್ದು ಮೊದಲು ಬರೀ ಸಲಹೆ. ಅನುಭವಿ ಅನುವಾದಕರು ನೋಡಿ ಒಪ್ಪಿದ ಮೇಲೇ ಅದು ಬ್ರೌಸರ್‌ಗೆ ಸೇರೋದು.

ಮೊದಲ ದಿನವೇ ಉತ್ಸಾಹದಲ್ಲಿ 40 ಸಾಲು ಬರೆದೆ. ಅರ್ಧಕ್ಕರ್ಧ ತಿರಸ್ಕಾರ! ಬಿಟ್ಟುಬಿಡೋಣ ಅನ್ನಿಸ್ತು. ಆಮೇಲೆ ಪಕ್ಕದಲ್ಲಿದ್ದ ಕಾಮೆಂಟ್ ಓದಿದೆ. ಫೈಲ್ ಅಳಿಸೋ ಸಾಲಿನಲ್ಲಿ, ಫೈಲ್ ಹೆಸರು ಬರಬೇಕಾದ ಜಾಗಕ್ಕೆ ಒಂದು ಕೋಡ್ ಗುರುತು ಇರುತ್ತೆ. ಅದನ್ನ ಮುಟ್ಟಬಾರದು. ನಾನು ಅದನ್ನೂ ಕನ್ನಡ ಮಾಡಿದ್ದೆ. ಇನ್ನೊಂದು ಕಡೆ ಆ ಗುರುತಿಗೆ ನೇರವಾಗಿ ‘ಅನ್ನು’ ಅಂಟಿಸಿದ್ದೆ. ಫೈಲ್ ಹೆಸರು ‘ರಜೆ’ ಅಂತಿದ್ರೆ, ತೆರೆ ಮೇಲೆ ‘ರಜೆಅನ್ನು’ ಅಂತ ಬರುತ್ತೆ. ಅದಕ್ಕೇ ‘ರಜೆ ಎಂಬ ಫೈಲನ್ನು ಅಳಿಸಬೇಕೆ?’ ಅಂತ ಬರೀಬೇಕು. ಇದು ಹೊಳೆಯೋಕೆ ಕೋಡಿಂಗ್ ಬೇಡ, ಕನ್ನಡ ಬಂದ್ರೆ ಸಾಕು.

ನನ್ನ ತಪ್ಪು ತಿದ್ದಿದವರಿಗೂ ಸಂಬಳ ಇಲ್ಲ. ತಮ್ಮ ಕೆಲಸ ಮುಗಿಸಿ, ರಾತ್ರಿ ಕೂತು ಒಂದೊಂದೇ ಸಾಲು ನೋಡಿದ್ರು. ನನ್ನ ಆತುರದ ಬೆಲೆ ಕೊಟ್ಟಿದ್ದು ಅವರು.

ಹಾಗಾಗಿ ನಿಮಗೆ ಹೇಳೋದಿಷ್ಟೇ: ಮೊದಲ ದಿನ ಐದೇ ಸಾಲು ಮಾಡಿ. ಉತ್ತರ ಬರೋವರೆಗೂ ಕಾಯಿರಿ. ಆಮೇಲೆ ಆರನೇದು.