ಹಿತ್ತಲಿನ ಕೂರಿಗೆ



ಶಿವಗಂಗೆ ಬೆಟ್ಟದ ತಪ್ಪಲಿನ ಹಳ್ಳಿಯೊಂದಕ್ಕೆ ಚಿತ್ರೀಕರಣಕ್ಕೆಂದು ಹೋಗಿದ್ದೆವು. ಒಂದು ಮನೆಯ ಹಿತ್ತಲಿನಲ್ಲಿ ಕೆಟ್ಟ ಡೀಸೆಲ್ ಪಂಪು, ಪಕ್ಕದಲ್ಲೇ ಹಳೆಯ ರಾಗಿ ಕೂರಿಗೆ. ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. "ಏನು ಮಾಡೋಣ ಸ್ವಾಮಿ?" ಎಂದರು ಯಜಮಾನರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಪಂಪಿನ ಲೆಕ್ಕ ಸುಲಭ. ರಿಪೇರಿ ಮಾಡಿಸಿ ಮಾರಿದರೆ ಗುಜರಿ ಬೆಲೆಗಿಂತ ಹೆಚ್ಚಾಗಿ ಬರುವ ಹಣ, ರಿಪೇರಿಯ ಖರ್ಚನ್ನು ಮೀರಬೇಕು. ಮೀರದಿದ್ದರೆ ಗುಜರಿಯೇ ಸರಿ. ಕಬ್ಬಿಣ ವ್ಯರ್ಥವಾಗುವುದಿಲ್ಲ, ಕುಲುಮೆಯಲ್ಲಿ ಕರಗಿ ಮತ್ತೆ ಬಳಕೆಗೆ ಬರುತ್ತದೆ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕಿಂತ ಇದಕ್ಕೆ ಶಕ್ತಿಯೂ ಕಡಿಮೆ ಸಾಕು.

ಕೂರಿಗೆಯ ಲೆಕ್ಕ ಬೇರೆ. ಮರ, ಬಿದಿರಿಗೆ ತಕ್ಕಡಿಯಲ್ಲಿ ಬೆಲೆಯಿಲ್ಲ. ಆದರೆ ಬಟ್ಟಲಿಗೆ ಹಾಕಿದ ಬೀಜ ಕೊಳವೆಗಳಲ್ಲಿ ಇಳಿದು, ಸಮ ಅಂತರದ ಸಾಲುಗಳಲ್ಲಿ ಬೀಳುವ ಜಾಣ್ಮೆ ಅದರಲ್ಲಿದೆ. ಮೈಸೂರು ಸೀಮೆಯ ಕೂರಿಗೆಯನ್ನು ಫ್ರಾನ್ಸಿಸ್ ಬುಕನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ಅದು ಒಲೆಗೆ ಹೋದರೆ ಆ ಜ್ಞಾನವನ್ನು ಯಾವ ಕುಲುಮೆಯೂ ಮರಳಿಸದು.

ಯಜಮಾನರು ಪಂಪು ಕೊಟ್ಟರು, ಕೂರಿಗೆ ಉಳಿಸಿಕೊಂಡರು.

ನಿಮ್ಮ ಮನೆಯಲ್ಲೂ ಕೂರಿಗೆ ಇದ್ದೀತು. ಸ್ಕೇಲು ಹಿಡಿದು ಅಳತೆ ತೆಗೆಯಿರಿ, ಚಿತ್ರ ಬರೆಯಿರಿ. ಒಂದೊಂದು ಭಾಗದ ಹೆಸರನ್ನೂ ಅಜ್ಜನಿಂದ ಕೇಳಿ ಗುರುತು ಮಾಡಿಕೊಳ್ಳಿ. ಮಾರುವ ಮಾತು ಆಮೇಲೆ.