ಮಸೂರವೂ ನಿಂತ ನೆಲವೂ
(ನಾರಾಯಣಗೂಡದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಹಂಪೆಗೆ ಹೋದಾಗ ನಾವೆಲ್ಲ ವಿರೂಪಾಕ್ಷ ಗುಡಿಯ ಗೋಪುರದ ಚಿತ್ರ ತೆಗೆಯುತ್ತೇವೆ. ಒಂದು ಚಿತ್ರದಲ್ಲಿ ರಥಬೀದಿಯ ಸಾಲುಮಂಟಪಗಳು ಗೋಪುರಕ್ಕೆ ಒತ್ತಿಕೊಂಡಂತಿರುತ್ತವೆ. ಇನ್ನೊಂದರಲ್ಲಿ ಅದೇ ಬೀದಿ ಉದ್ದಕ್ಕೆ ಚಾಚಿ ಗೋಪುರ ದೂರ ಸರಿದಿರುತ್ತದೆ. ಇದು ಮಸೂರದ ಮಾಯೆ ಎನ್ನುವುದು ರೂಢಿ. ಆ ಮಾತು ಅರ್ಧ ಮಾತ್ರ ನಿಜ.

ಲೆಕ್ಕ ಸರಳವಾಗಿದೆ. 10 ಮೀಟರ್ ದೂರದಲ್ಲಿ ಒಂದು ಕಂಬ, 20 ಮೀಟರ್ ದೂರದಲ್ಲಿ ಅಷ್ಟೇ ಎತ್ತರದ ಮತ್ತೊಂದು. ಮೊದಲನೆಯದು ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. 90 ಮೀಟರ್ ಹಿಂದೆ ಸರಿದರೆ ದೂರಗಳು 100 ಮತ್ತು 110. ಎರಡೂ ಹೆಚ್ಚುಕಡಿಮೆ ಸಮನಾಗುತ್ತವೆ. ಬದಲಾದದ್ದು ನಿಂತ ಜಾಗ. ಟೆಲಿಫೋಟೊ ಮಸೂರ ಆ ದೂರದ ನೋಟದ ಒಂದು ತುಣುಕನ್ನು ಹಿಗ್ಗಿಸುತ್ತದೆ. ವಿಶಾಲಕೋನದ ಮಸೂರ ಹತ್ತಿರದಿಂದಲೇ ಎಲ್ಲವನ್ನೂ ಒಳಗೊಳ್ಳುತ್ತದೆ. ಮಸೂರದ ರಚನೆ ಅಂಚಿನ ನೇರ ಗೆರೆಗಳನ್ನು ಪೀಪಾಯಿಯಂತೆ ಉಬ್ಬಿಸುವುದೂ ಉಂಟು. ಡಿಜಿಟಲ್ ಕ್ಯಾಮೆರಾ ಆ ಉಬ್ಬನ್ನು ಗಣಿತದಿಂದ ತಿದ್ದಬಲ್ಲದು. ಆದರೆ ಮುಂದಿನ ಕಂಬ ಮರೆಮಾಡಿದ್ದನ್ನು ಗಣಿತ ತುಂಬಿಕೊಟ್ಟರೆ ಅದು ಕಲ್ಪನೆಯೇ ಹೊರತು ದಾಖಲೆಯಲ್ಲ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಸೆರೆಹಿಡಿದನು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಆತ ನಿಂತಿದ್ದ ನೆಲೆಗಳನ್ನೇ ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದರು. ಕ್ಯಾಮೆರಾ ಬೇರೆ, ಮಸೂರ ಬೇರೆ; ನಿಂತ ನೆಲ ಒಂದೇ ಆದುದರಿಂದಲೇ ಉರುಳಿದ ಕಲ್ಲು, ಎದ್ದ ಗೋಡೆ ನಮ್ಮ ಹೋಲಿಕೆಗೆ ದಕ್ಕುತ್ತವೆ.

ಇದು ಹವ್ಯಾಸದ ಮಾತಷ್ಟೇ ಅಲ್ಲ. ಸೇತುವೆಯ ವಿವಾದದಿಂದ ಹಂಪೆ 1999ರಿಂದ 2006ರವರೆಗೆ ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿತ್ತು. ಹೊಸ ಕಟ್ಟಡ ಸ್ಮಾರಕಕ್ಕೆ ಎಷ್ಟು ಹತ್ತಿರ ಎಂಬುದೇ ಪ್ರಶ್ನೆಯಾದಾಗ, ದೂರದಿಂದ ತೆಗೆದ ಚಿತ್ರ ಅಂತರವನ್ನು ಕುಗ್ಗಿಸಿ ತೋರಿಸಬಲ್ಲದು, ಹತ್ತಿರದಿಂದ ತೆಗೆದದ್ದು ಹಿಗ್ಗಿಸಿ ತೋರಿಸಬಲ್ಲದು. ಎರಡೂ ಸುಳ್ಳಲ್ಲ; ಎರಡನ್ನೂ ಸುಳ್ಳಿಗೆ ಸಾಕ್ಷಿಯಾಗಿ ಬಳಸಬಹುದು. ಆದುದರಿಂದ ಕಡತಕ್ಕೆ ಸೇರುವ ಪ್ರತಿ ಚಿತ್ರದೊಡನೆ ನಿಂತ ಜಾಗ, ಮಸೂರದ ಸಂಗಮದೂರ, ದಿನಾಂಕ ನಮೂದಾಗಬೇಕು.

ಹೊರನಾಡಿನ ನಮಗೂ ಇಲ್ಲಿ ಒಂದು ಕೆಲಸವಿದೆ. ಕರೀಂನಗರದ ಬಳಿಯ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭನ ಶಾಸನವಿದೆ. ಅದೇ ಬಂಡೆಯ ಮೇಲೆ ಜಿನಬಿಂಬಗಳಿವೆ. ಬುಡದಲ್ಲಿ ನಿಂತು ಮೊಬೈಲ್ ಎತ್ತಿ ಹಿಡಿದರೆ ಕೆಳಗಿನದು ಹಿರಿದಾಗಿ, ಮೇಲಿನದು ಕಿರಿದಾಗಿ ಬರುತ್ತದೆ. ಒಂದು ಜಾಗ ಗೊತ್ತುಮಾಡಿಕೊಂಡು, ವರ್ಷಕ್ಕೊಮ್ಮೆ ಅಲ್ಲಿಂದಲೇ ಚಿತ್ರ ತೆಗೆದಿಟ್ಟರೆ ಬಂಡೆಗೆ ಆದ ಹಾನಿಯನ್ನು ನಾಳೆ ಯಾರೂ ಅಲ್ಲಗಳೆಯಲಾರರು. ಈ ಹೊಣೆಯನ್ನು ನಮ್ಮ ಸಂಘ ಹೊರಲಿ ಎಂದು ಬಿನ್ನವಿಸಿ ನನ್ನ ಮಾತು ಮುಗಿಸುತ್ತೇನೆ.